ತಂತಿ ಬಿಚ್ಚಿಸಲು ಹೊರಟವರು

ಮೂಡುಬಿದಿರೆಯಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದ ಸೇಸಮ್ಮ ಎಲೆಯಡಿಕೆ ಜಗಿಯುತ್ತಾ ಪಕ್ಕದ ಬೆಂಚಿನ ಗಂಡಹೆಂಡಿರ ಮಾತಿಗೆ ಕಿವಿಕೊಟ್ಟಳು. ಅವರ ನಡುವೆ ಕೂತ ಮಗಳು ಬಾಯಿಗೆ ಸೆರಗು ಮುಚ್ಚಿಕೊಂಡಿದ್ದಳು.

“ಇವಳ ಹಲ್ಲಿಗೆ ತಂತಿ ಹಾಕಿ ವರ್ಷವಾದರೂ ಕೆಳದವಡೆ ಮೊದಲಿಗಿಂತ ಮುಂದೆ ಕಾಣ್ತದೆ ಅಂತ ಜಯವರ್ಮಣ್ಣನಿಗೆ ಸಿಟ್ಟು,” ಎಂದಳು ತಾಯಿ.

“ಡಾಕ್ಟರು ಮೊದಲೇ ಹೇಳಿದ್ದರಲ್ಲ? ತಂತಿಯಿಂದ ಹಲ್ಲು ನೆಟ್ಟಗಾಗುವಾಗ ಹಾಗೇ ಕಾಣ್ತದೆ, ಆಮೇಲೆ ಎಲುಬು ಕೊಯ್ದು ದವಡೆ ಹಿಂದೆ ಕೂರಿಸುವುದು ಅಂತ.”

“ಕೊಯ್ಯುವುದೇ ಬೇಡ, ತಂತಿ ಬಿಚ್ಚಿಸಿ ಬನ್ನಿ ಅಂದ.”

“ಈಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನದ್ದು ತಾಗುವುದೇ ಇಲ್ಲ ಮಾರಾಯ್ತಿ.”

“ಹಾಗಂತ ನೀವೇ ಹೇಳಬಹುದಿತ್ತಲ್ಲ?”

“ಅಳಿಯಸಂತಾನದ ಮನೆಯಲ್ಲಿ ಅಪ್ಪನ ಮಾತು ಯಾರು ಕೇಳ್ತಾರೆ? ಯಜಮಾನ ನಿನ್ನ ಅಣ್ಣ. ನೀನು ಹೇಳಬೇಕಿತ್ತು.”

“ಹೇಳಿದೆ. ಊಟ ಬಿಟ್ಟು ಎದ್ದು ಹೋದ.”

ಮಂಗಳೂರು ಬಸ್ಸು ಬಂತು. ಮೂವರೂ ಎದ್ದರು. ಮಗಳು ಆಗ ಸೆರಗು ಸರಿಸಿದಳು.

“ಹಾಗಾದರೆ ಅಮ್ಮ, ಇನ್ನು ನನಗೆ ಯಾವಾಗಲೂ ಗಂಜಿಯೇ ಅಲ್ಲವಾ?”

“ಬೇಗ ಹತ್ತು, ಸೀಟು ಹೋಗ್ತದೆ,” ಎಂದಳು ತಾಯಿ.

ಬಸ್ಸು ಹೊರಟ ಮೇಲೆ ಸೇಸಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಅರ್ಧಕ್ಕೇ ಉಗುಳಿದಳು.