ಡಾಕ್ಟರಿಗೆ ಎತ್ತಿಟ್ಟ ಪಾಲು

ಸಮೋವಾದ ಅಪಿಯಾ ಊರಿನ ಆಸ್ಪತ್ರೆಯಲ್ಲಿ ಊದಿದ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಸಿಯೆವಾಳಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬಾಳೆಲೆ ಮುಚ್ಚಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡವಳು ಪೆನಿನಾ. ಜೊತೆಗಿದ್ದವಳು ಅವಳ ಗಂಡ ತವಿತನ ಅಕ್ಕ, ಲಗಿ.

"ಶುಕ್ರವಾರ ಇವರಿಗೆ ಹೊಟ್ಟೆನೋವು ಅಂತ ಬಂದಾಗ ಸ್ಕ್ಯಾನಲ್ಲಿ ಏನೂ ಇಲ್ಲ ಅಂದಿದ್ರಲ್ವಾ ಅತ್ತಿಗೆ?"

"ಅಂದಿದ್ರು. ಮೇದೋಜೀರಕ ಊದ್ಕೊಂಡಿದ್ರೂ ಮೊದಲ ದಿನ ಸ್ಕ್ಯಾನಲ್ಲಿ ಕಾಣದೇ ಇರಬಹುದು, ರಕ್ತದ ರಿಪೋರ್ಟ್ ಬರೋ ತನಕ ಜಿಡ್ಡು ಮುಟ್ಟಿಸಬೇಡಿ ಅಂತಾನೂ ಅಂದಿದ್ರು."

"ನಂಗೆ 'ಏನೂ ಇಲ್ಲ' ಅಂದಿದ್ದಷ್ಟೇ ಕೇಳಿಸ್ತು."

"ನಂಗೂ ಅಷ್ಟೇ. ಹಂದಿ ಸುಡಿಸಿದವಳು ನಾನೇ ತಾನೆ."

"ಪಾದ್ರಿಗಳು ಇಡೀ ಚರ್ಚಿಗೆ ಹೇಳಿದ್ರು, ತವಿತ ಪಾರಾದ ಅಂತ. ಆಮೇಲೆ ದೇವರ ಹೆಸರಲ್ಲಿ ಊಟ ಹಾಕದೇ ಇರೋಕಾಗುತ್ತಾ?"

"ಬೆನ್ನಿನ ಕಡೆ ತುಂಡು ಅವನ ಮುಂದಿಟ್ಟೆ. ಮನೆತನದ ಯಜಮಾನನ ಪಾಲು."

"ಅವರು ಬೇಡ ಅಂದ್ರು."

"ಮೂರು ಸಲ ಅಂದ. ಸಂಕೋಚ ಮಾಡ್ಕೋತಾನೆ ಅಂದ್ಕೊಂಡು ತಿನ್ನಿಸಿದೆ. ರಾತ್ರಿನೇ ಮತ್ತೆ ಹೊಟ್ಟೆ ಹಿಡ್ಕೊಂಡು ಬಿದ್ದ."

ಪೆನಿನಾ ಬಾಳೆಲೆಯ ಅಂಚನ್ನು ಸರಿಮಾಡಿದಳು. ನರ್ಸ್ ಬಾಗಿಲಿಗೆ ಬಂದಳು.

"ತವಿತನ ಮನೆಯವರು ಬನ್ನಿ. ಇಬ್ಬರೂ ಬರಬೇಕಂತೆ, ಡಾಕ್ಟರು ಕೂತು ಮಾತಾಡ್ತಾರಂತೆ."

ಇಬ್ಬರೂ ಎದ್ದರು.

"ಬುಟ್ಟಿ ಇಲ್ಲೇ ಬಿಡು," ಎಂದಳು ಲಗಿ.

"ಹೆಂಗೆ ಬಿಡೋದು ಅತ್ತಿಗೆ? 'ಏನೂ ಇಲ್ಲ' ಅಂದ ಡಾಕ್ಟರಿಗೆ ಅಂತ ನಿಮ್ಮ ತಮ್ಮನೇ ಎತ್ತಿಡಿಸಿದ್ದು ಇದು."

ಲಗಿ ಬುಟ್ಟಿಯ ಇನ್ನೊಂದು ಕಡೆ ಹಿಡಿದುಕೊಂಡಳು. ಹಾಗೇ ಒಳಗೆ ಹೋದರು.