ಬೇಗ ಬೆಳೆದ ತಟ್ಟೆ

ಟೀಚರ್ ಆಗಿದ್ದ ತನ್ನ ಹೆಂಡತಿಯನ್ನು ಕಣ್ಣಿನ ಆಪರೇಷನ್ನಿಗೆ ಒಳಗೆ ಕಳಿಸಿ ದರ್ಜಿ ಆಸ್ಪತ್ರೆಯ ಲಿಫ್ಟಿನ ಮುಂದೆ ನಿಂತಿದ್ದ. ಅವನ ಪಕ್ಕದಲ್ಲಿ ನಿಂತಿದ್ದ, ಆಸ್ಪತ್ರೆ ಲ್ಯಾಬಿನ ಹಿರಿಯ ತಜ್ಞೆಯ ತೋಳನ್ನು ಅವಳ ಕಿರಿಯ ಸಹಾಯಕಿ ಓಡಿಬಂದು ಹಿಡಿದಳು.

"ಅಕ್ಕಾ, ರಿಪೋರ್ಟ್ ಈಗ ಬಂತು. ನಾವು ತಟ್ಟೇಲಿ ಬೆಳೆಸಿದ ಸ್ಟೆಮ್ ಸೆಲ್‌ಗಳಲ್ಲಿ ಒಂದು ಕ್ರೋಮೋಸೋಮ್ ಜಾಸ್ತಿ ಇದೆ."

"ಯಾವ ತಟ್ಟೇದು?"

"ಎಲ್ಲಕ್ಕಿಂತ ಬೇಗ ಬೆಳೀತಲ್ಲ, ಅದೇ. ನಮ್ಮ ಜಾಣಮರಿ ಅಂತ ಮುದ್ದು ಮಾಡ್ತಿದ್ರಿ."

"ನಿಧಾನವಾಗಿ ಬೆಳೀತಿದ್ದದ್ದು?"

"ಅದು ಸೋಮಾರಿ, ಎಸೆದುಬಿಡು ಅಂದ್ರಲ್ಲ. ಎಸೆದೆ."



"ಲಂಗುಲಗಾಮಿಲ್ಲದೆ ಬೆಳೆಯೋದು ಕ್ಯಾನ್ಸರ್ ಬುದ್ಧಿ ಕಣೇ. ಮೈಯೊಳಗೆ ಹೋದ್ರೆ ಅಲ್ಲೇ ಗಡ್ಡೆ ಕಟ್ಟಬಹುದು. ಈಗೆಲ್ಲಿದೆ?"

"ಆಗಲೇ ಆಪರೇಷನ್ ಥಿಯೇಟರಿಗೆ ಕಳಿಸಿಬಿಟ್ಟೆ. ಆ ಟೀಚರಮ್ಮನ ಕಣ್ಣಿಗೆ."

ಲಿಫ್ಟ್ ಬಂದು ಬಾಗಿಲು ತೆರೆಯಿತು. ಇಬ್ಬರೂ ಅದನ್ನು ಹತ್ತದೆ ಮೆಟ್ಟಿಲ ಕಡೆ ಓಡಿದರು. ದರ್ಜಿಯೂ ಅವರ ಹಿಂದೆಯೇ ಓಡಿದ.