ಪೆಟ್ಟಿಗೆಯ ತಳ ನಂಬಿ ಕೆಟ್ಟಿದ್ದು

ನಗ್ತಾ ಬರೋ ಸಪ್ಲೈಯರ್‌ನ ಕಂಡ್ರೆ ನಂಗೆ ಮೊದಲಿಂದ್ಲೂ ಗುಮಾನಿ ಕಣ್ರೋ. ನಿಮ್ಮ ಮುತ್ತಜ್ಜ, ಅಂದ್ರೆ ನಮ್ಮಪ್ಪ, ಆನೇಮಹಲ್ ಕಡೆ ಕಾಫಿ ಮೂಟೆ ಕೊಳ್ಳೋರು. 'ಮೂಟೆ ಬಾಯಿ ನಂಬಬ್ಯಾಡ ಮಗ, ಒಳ್ಳೆ ಬೀಜ ಮೇಲೇ ಇಟ್ಟಿರ್ತಾರೆ, ತಳಕ್ಕೆ ಕೈ ಹಾಕು. ತಳ ಚೆನ್ನಾಗೈತೆ ಅಂದ್ರೆ ಮೂಟೇನೇ ಚೆನ್ನಾಗೈತೆ' ಅನ್ನೋರು. ನಾನು ಕಾಲೇಜು ಓದಿ ಸರ್ಕಾರಿ ಆಸ್ಪತ್ರೇಲಿ ಫಾರ್ಮಸಿಸ್ಟ್ ಆದೆ ನೋಡಿ, ಆದ್ರೂ ಕೈ ಮಾತ್ರ ತಳಕ್ಕೇ ಹೋಗೋದು. ತೊಂಬತ್ತರ ದಶಕ ಅದು. ಜಿಲ್ಲಾ ಸ್ಟೋರಿಗೆ ಇಂಡೆಂಟ್ ಹಾಕಿದ್ರೆ ಅರ್ಧ ಔಷಧಿ 'ಸ್ಟಾಕಿಲ್ಲ' ಅಂತ ಬರೋದು. ಇಲ್ಲದ್ದನ್ನ ನಾವೇ ಹಾಸನದಿಂದ ತರಿಸ್ಬೇಕು. ಅಲ್ಲಿನ ಸಪ್ಲೈಯರ್ ಪದ್ಮನಾಭ ಅಂತ. 'ಮನೇಲಿ ಎಲ್ಲಾ ಆರಾಮಾ ಸಾರ್?' ಅಂತ್ಲೇ ಒಳಗೆ ಬರೋನು. ನಮ್ಮನೆ ಆರಾಮ ಇವನಿಗ್ಯಾಕೆ? ಐದು ವರ್ಷ, ಅಲ್ಲ, ಆರು ವರ್ಷ ಬಂದಿದಾನೆ, ಒಂದು ದಿನ ಒಂದು ಲೋಟ ಕಾಫಿ ಕೊಡ್ಲಿಲ್ಲ ನಾನು.

ಒಂದ್ಸಲ ಹಾವು ಕಚ್ಚಿದ್ದಕ್ಕೆ ಕೊಡೋ ಇಂಜೆಕ್ಷನ್ ತಂದ. 'ಸಾರ್, ಮೇಲಿನ ಸಾಲು ಮೊದ್ಲು ಖರ್ಚು ಮಾಡಿ, ತಳದ್ದು ಆಮೇಲೆ. ಯಾಕಂದ್ರೆ...' ಅಂದ. 'ನಂಗೆ ಹೇಳ್ಕೊಡಬ್ಯಾಡ ಮಾರಾಯ, ಹೊರಡು' ಅಂದ್ಬುಟ್ಟೆ. ತಳ ಮುಟ್ಟಬ್ಯಾಡ ಅಂತಾನೆ ಅಂದ್ರೆ ತಳದಲ್ಲೇ ಏನೋ ಐತೆ ಅಂತ ಲೆಕ್ಕ ನಂದು! ಪೆಟ್ಟಿಗೆ ಮಗುಚಿ ತಳದ ಸೀಸೆ ನೋಡಿದ್ರೆ, ಡೇಟ್ ಮುಗಿಯೋಕೆ ಇನ್ನೂ ವರ್ಷಗಟ್ಲೆ ಐತೆ. ಸರಿ, ಇಡೀ ಪೆಟ್ಟಿಗೆಗೆ ಅದೇ ಡೇಟ್ ಬರ್ಕೊಂಡು ಫ್ರಿಜ್‌ನಲ್ಲಿಟ್ಟೆ. ಅವನು ಹೇಳಿದ್ದಕ್ಕೆ ಉಲ್ಟಾ, ತಳದಿಂದ್ಲೇ ಖರ್ಚು ಮಾಡ್ತಾ ಬಂದೆ.

ಆಮೇಲೆ ಕಾಫಿ ಕುಯ್ಲಲ್ಲಿ, ವನಗೂರು ಕಡೆ ಎಸ್ಟೇಟಿನ ದ್ಯಾವಮ್ಮನಿಗೆ ಹಾವು ಕಚ್ತು. ಯಾರ್ ಎಷ್ಟು ಕುಯ್ದ್ರು ಅಂತ ಲೆಕ್ಕ ಬರಿಯೋ ರೈಟರ್ ಜೀಪಲ್ಲಿ ಹಾಕ್ಕೊಂಡು ಬಂದ. ಅವಳ ರೆಪ್ಪೆ ಆಗ್ಲೇ ಇಳೀತಿತ್ತು. ಡಾಕ್ಟ್ರಮ್ಮ ಸೀಸೆ ಕೈಗೆತ್ಕೊಂಡೋರೇ, 'ಏನ್ರೀ ಇದು! ಡೇಟ್ ಮುಗಿದು ಎರಡು ತಿಂಗಳಾಗಿದೆ!' ಮೇಲಿನ ಸಾಲು ಪೂರ್ತಿ ಹಂಗೇ. ತಳದ ಒಳ್ಳೇವು ಉಳಿದಿದ್ದು ನಾಲ್ಕೇ ನಾಲ್ಕು. ಅವನ್ನೇ ಹಾಕ್ತಾ ಡಾಕ್ಟ್ರಮ್ಮ, 'ಇವು ಸಾಲಲ್ಲ. ಎಲ್ಲಿಂದ ತರ್ತೀರೋ, ತನ್ನಿ!'

ಹಾಸನಕ್ಕೆ ಫೋನ್ ಮಾಡ್ದೆ. 'ಮೇಲಿನವು ಉಳ್ಕೊಂಡ್ವಾ ಸಾರ್?' ಅಂದ ಪದ್ಮನಾಭ, ಅಷ್ಟೇ. 'ಹೊರಟೆ' ಅಂದ. ಆಗ್ಲೂ ನಂಗೆ ಗುಮಾನೀನೇ. ಬರ್ತಾನಾ ಇವನು? ನಾನಾಗಿದ್ರೆ ಬರ್ತಿದ್ನಾ? ಗೇಟಿಗೂ ವಾರ್ಡಿಗೂ ಅಲೆದೂ ಅಲೆದೂ ಕಾಲು ಬಿದ್ದೋಯ್ತು. ಬಂದ ಕಣ್ರೋ, ಬೈಕಲ್ಲಿ, ಐಸ್ ಫ್ಲಾಸ್ಕ್ ಎದೆಗೆ ಕಟ್ಕೊಂಡು. ನಾಚಿಕೆ ಬಿಟ್ಟು ಹೇಳ್ತೀನಿ, ಆಗ್ಲೂ ನನ್ನ ಕೈ ಫ್ಲಾಸ್ಕಿನ ತಳಕ್ಕೇ ಹೋಯ್ತು. 'ತಳಾನೂ ನೋಡಿ ಸಾರ್, ಮೇಲೂ ನೋಡಿ, ಆದ್ರೆ ಬೇಗ ನೋಡಿ!' ಅಂತ ಕಿರುಚಿದ.

ಸಂಜೆ ಹೊತ್ತಿಗೆ ದ್ಯಾವಮ್ಮ ಕಣ್ಣು ಬಿಟ್ಲು. ಬಿಟ್ಟೋಳೇ ರೈಟರ್‌ನ ಗುರಾಯಿಸಿ, 'ಸ್ವಾಮಿ, ನಾ ಕುಯ್ದಿದ್ದು ಯಾರ ಚೀಲಕ್ಕೆ ಸೇರಿಸಿದ್ರಿ?' ಅಂದ್ಲು! ಡಾಕ್ಟ್ರಮ್ಮನೂ ನಕ್ಬುಟ್ರು.

ಅವತ್ತು ಪದ್ಮನಾಭನ್ನ ಕೂರಿಸಿ ಕಾಫಿ ಕೊಟ್ಟೆ. 'ಪೆಟ್ಟಿಗೆ ತಂದ ದಿನ ಏನೋ "ಯಾಕಂದ್ರೆ" ಅಂದ್ಯಲ್ಲ, ಮುಂದಕ್ಕೆ ಹೇಳಪ್ಪ.' 'ಹೊಸ ಬ್ಯಾಚು ಸಾಕಷ್ಟು ಸಿಗ್ಲಿಲ್ಲ ಸಾರ್, ಬೇಗ ಡೇಟ್ ಮುಗಿಯೋವ್ನ ಮೇಲಿಟ್ಟಿದ್ದೆ. ಉಳಿದ್ರೆ ಬದಲಾಯಿಸ್ಕೊಡ್ತೀನಿ ಅನ್ನಕ್ಕೆ ಬಂದೆ, ನೀವು ಹೊರಡು ಅಂದ್ರಿ.'

ತಳಕ್ಕೆ ಕೈ ಹಾಕಿ, ಬ್ಯಾಡ ಅನ್ನಲ್ಲ, ನಾನೀಗ್ಲೂ ಹಾಕ್ತೀನಿ. ಆದ್ರೆ ತಂದೋನು 'ಯಾಕಂದ್ರೆ' ಅಂದಾಗ ಬಾಯಿ ಮುಚ್ಕೊಂಡು ಕೇಳ್ರೋ.